ಎಡಕ್ಕೆ ತಿರುಗದ ಬುಲ್‌ಡೋಜರು

ನಮ್ಮ ಸೋದರಮಾವ ಕುರ್ಚಿಯಲ್ಲಿ ಐದು ನಿಮಿಷ ಕೂತದ್ದನ್ನು ಕಂಡವರು ಕತ್ರಿಗುಪ್ಪೆಯಲ್ಲಿ ಯಾರಾದರೂ ಇದ್ದರೆ ನನಗೆ ತಿಳಿಸಿ, ನಾನೇ ಬಂದು ಶಾಲು ಹೊದಿಸುತ್ತೇನೆ. ಕಾಫಿ ಕುಡಿಯುವುದು ಬಾಗಿಲಲ್ಲಿ ನಿಂತು, ಪೇಪರ್ ಓದುವುದು ಅಂಗಳದಲ್ಲಿ ಓಡಾಡುತ್ತ. ಅವರು ನೆಮ್ಮದಿಯಾಗಿ ಕೂರುವುದು ಒಂದೇ ಕಡೆ, ತಮ್ಮ ಹಳೆಯ ಬುಲ್‌ಡೋಜರಿನ ಹರಿದ ಸೀಟಿನ ಮೇಲೆ.

ಬನಶಂಕರಿಯ ಸುತ್ತ ಬಡಾವಣೆಗಳು ಏಳುತ್ತಿದ್ದಾಗ ಅದನ್ನು ಓಡಿಸಿ ದಿಣ್ಣೆಗಳನ್ನೆಲ್ಲ ಮಟ್ಟ ಮಾಡಿದವರು ಅವರು. ಕೆಲವು ವರ್ಷಗಳಿಂದ ಅದು ಚಿಕ್ಕಲಸಂದ್ರದಲ್ಲಿ ಸ್ನೇಹಿತರೊಬ್ಬರ ಖಾಲಿ ಸೈಟಿನಲ್ಲಿ ನಿಂತಿತ್ತು. ಸ್ನೇಹಿತರು ಮನೆ ಕಟ್ಟಿಸಲು ಹೊರಟರು, ಭಾನುವಾರದೊಳಗೆ ಜಾಗ ಖಾಲಿಯಾಗಬೇಕಿತ್ತು. ಮಾವ ಹೋಗಿ ಸ್ಟಾರ್ಟ್ ಮಾಡಿದರು. ಎಂಜಿನ್ ಕೆಮ್ಮಿ ಎದ್ದಿತು, ಆದರೆ ಗಾಡಿ ಎಡಕ್ಕೆ ತಿರುಗಲೊಲ್ಲದು. ಸೈಟಿನಿಂದ ಹೊರಬಿದ್ದ ಕೂಡಲೇ ಎಡಕ್ಕೇ ತಿರುಗಬೇಕು, ಇಲ್ಲವಾದರೆ ಎದುರುಮನೆಯ ಹೊಸ ಕಾಂಪೌಂಡು ಉಳಿಯುವುದಿಲ್ಲ. ಪರೀಕ್ಷೆಗೆಂದು ಮಾವ ಸೈಟಿನೊಳಗೇ ಬಲಕ್ಕೆ ಸುತ್ತು ಹಾಕಿದ್ದನ್ನು ಕಂಡು ಎದುರುಮನೆಯ ಅಜ್ಜಿ, ಇದು ಯಾವ ದೇವರ ಪ್ರದಕ್ಷಿಣೆ ಎಂದು ವಿಚಾರಿಸಿದರಂತೆ.

ಬುಲ್‌ಡೋಜರಿಗೆ ಸ್ಟೀರಿಂಗ್ ಚಕ್ರವೇ ಇರುವುದಿಲ್ಲ ಎಂದು ನಿಮಗೆ ಗೊತ್ತೆ? ನನಗೆ ಗೊತ್ತಾದದ್ದು ಅದೇ ವಾರ ನನ್ನ ತಂಗಿಯ ನಿಶ್ಚಿತಾರ್ಥದ ಊಟದಲ್ಲಿ. ಮಾವ ಎಲೆಯ ಮೇಲೆ ಎರಡು ಹೋಳಿಗೆ ಜೋಡಿಸಿ, ಇವು ಗಾಡಿಯ ಎರಡು ಬದಿಯಲ್ಲಿ ಚಕ್ರದ ಬದಲು ಉರುಳುವ ಚೈನುಗಳು ಎಂದು ಬೀಗರಿಗೆ ಪಾಠ ಶುರುಮಾಡಿದರು. ಎಡದ ಲಿವರ್ ಎಳೆದರೆ ಎಡದ ಕ್ಲಚ್ ಬಿಡುತ್ತದೆ, ಆ ಚೈನಿಗೆ ಎಂಜಿನ್ನಿನ ಎಳೆತ ತಪ್ಪುತ್ತದೆ. ಆಮೇಲೆ ಎಡದ ಬ್ರೇಕ್ ತುಳಿದರೆ ಆ ಚೈನು ನಿಂತು, ಬಲದ್ದು ಓಡಿ, ಗಾಡಿ ಎಡಕ್ಕೆ ತಿರುಗುತ್ತದೆ. ತಿರುಗದಿದ್ದರೆ ಒಂದೋ ಕ್ಲಚ್ ಬಿಡುತ್ತಿಲ್ಲ, ಇಲ್ಲವೇ ಬ್ರೇಕ್ ಹಿಡಿಯುತ್ತಿಲ್ಲ. ಬೀಗರು ತಲೆಯಾಡಿಸಿದರು. ಬೀಗಿತ್ತಿ ಮಾತ್ರ ಮೆಲ್ಲಗೆ, ಹುಡುಗಿ ಏನು ಓದಿದ್ದಾಳೆ ಅಂದಿರಿ ಎಂದು ಇನ್ನೊಮ್ಮೆ ಖಚಿತಪಡಿಸಿಕೊಂಡರು.

ಮರುದಿನ ಮಾವ ಲಿವರಿನ ಸಡಿಲು ಸರಿಮಾಡಿದರು. ಎಳೆದಾಗ ಗಾಡಿ ಸ್ವಲ್ಪ ಮುಖ ತಿರುಗಿಸಿ ಮತ್ತೆ ನೆಟ್ಟಗೆ ಹೊರಟಿತು. ಹಾಗಾದರೆ ಕ್ಲಚ್ ಬಿಡುತ್ತಿದೆ, ತಪ್ಪು ಬ್ರೇಕಿನದು. ಬ್ರೇಕಿನ ಮುಚ್ಚಳ ಬಿಚ್ಚಿ ನೋಡಿದರೆ ಒಳಗೆ ಎಣ್ಣೆ ತಡೆಯುವ ಸೀಲು ಸೋರಿ, ಬ್ರೇಕ್ ಪಟ್ಟಿ ಎಣ್ಣೆಯಲ್ಲಿ ನೆಂದು ಜಾರುತ್ತಿತ್ತು. ಹೊಸ ಸೀಲಿಗಾಗಿ ಊರೆಲ್ಲ ಅಲೆದು ತಂದರು. ಪಟ್ಟಿಯನ್ನು ಮನೆಗೆ ತಂದು ಸೀಮೆಎಣ್ಣೆಯಲ್ಲಿ ತೊಳೆದರು. ಯಾವುದರಲ್ಲಿ? ಅತ್ತೆ ಕೋಸಂಬರಿಗೆಂದೇ ಇಟ್ಟುಕೊಂಡ ಹಿತ್ತಾಳೆ ಬೋಗುಣಿಯಲ್ಲಿ. ಆ ವಾರ ಅವರ ಮನೆಯ ಕೋಸಂಬರಿಯ ಹತ್ತಿರ ಬೆಂಕಿಕಡ್ಡಿ ಗೀರುವ ಧೈರ್ಯ ಯಾರಿಗೂ ಇರಲಿಲ್ಲ. ಪಟ್ಟಿ ಒಣಗುವವರೆಗೂ ಮಾವ ನಡುಮನೆಯಿಂದ ಗೇಟಿಗೆ, ಗೇಟಿನಿಂದ ನಡುಮನೆಗೆ ತಿರುಗುತ್ತಲೇ ಇದ್ದರು.

ಭಾನುವಾರ ಬೆಳಿಗ್ಗೆ ಅತ್ತೆಯೂ ನಾನೂ ಚಿಕ್ಕಲಸಂದ್ರಕ್ಕೆ ಹೋದಾಗ ಟ್ರೈಲರ್ ಲಾರಿ ಕಾದು ನಿಂತಿತ್ತು. ತೊಳೆದು ಮತ್ತೆ ಕೂರಿಸಿದ ಬ್ರೇಕ್ ಅತಿಯಾಗಿ ಬಿಗಿಯಾಗಿದ್ದರಿಂದ ಮೊದಲು ಸುಟ್ಟ ವಾಸನೆ ಬಂತು. ಮಾವ ತಮ್ಮನ್ನೇ ಬೈದುಕೊಂಡು ಇಳಿದು ಸಡಿಲಿಸಿದರು. ಎದುರುಮನೆಯವರು ಕಾಂಪೌಂಡಿನ ಮುಂದೆ ಸಾಲಾಗಿ ನಿಂತರು, ಬುಲ್‌ಡೋಜರು ನಾಚಿಕೊಂಡು ಹಿಂದೆ ಸರಿಯುತ್ತದೆ ಎಂಬಂತೆ. ರಸ್ತೆ ಕಿತ್ತುಹೋಗದಿರಲೆಂದು ಹಾಸಿದ್ದ ಹಳೇ ಟೈರುಗಳ ಮೇಲೆ ಗಾಡಿ ಹೊರಬಂತು. ಮಾವ ಲಿವರ್ ಎಳೆದು ಬ್ರೇಕ್ ತುಳಿದರು. ಎದುರುಮನೆಯವರು ಚೆದುರಿ ಓಡಿದರು. ಗೋಡೆಗೆ ಇನ್ನೊಂದು ಮಾರು ಇದೆ ಅನ್ನುವಾಗ ಗಾಡಿ ಎಡಕ್ಕೆ ಹೊರಳಿ, ತಾನಾಗಿ ಲಾರಿ ಹತ್ತಿತು.

ಇನ್ನು ಯಾವ ಕಡೆ ಕೆಲಸ ಎಂದು ನಾನು ಉತ್ಸಾಹದಿಂದ ಕೇಳಿದೆ. ಮಾವ ಹರಿದ ಸೀಟಿನ ಧೂಳು ಕೊಡವತೊಡಗಿದರು. ಲಾರಿಯ ಡ್ರೈವರೇ ಹೇಳಿದ, ಗಾಡಿ ಗುಜರಿಗೆ ಹೋಗುತ್ತಿದೆ ಎಂದು. ಮಾರಾಟ ವಾರದ ಹಿಂದೆಯೇ ಮುಗಿದಿತ್ತು. ಕೊಂಡವರು ಕ್ರೇನ್ ತಂದು ಎಳೆದೊಯ್ಯುತ್ತೇವೆ ಎಂದರೂ ಮಾವ ಒಪ್ಪಿರಲಿಲ್ಲ.

"ಮತ್ತೆ ಇಷ್ಟೆಲ್ಲಾ ಯಾಕ್ ಒದ್ದಾಡಿದ್ರಿ ಮಾವ?"

"ಅದನ್ನ ಎಳ್ಕೊಂಡ್ ಹೋಗೋದು ನನ್ ಕೈಲಿ ನೋಡಕ್ಕಾಗಲ್ಲ ಪುಟ್ಟಿ. ನಡ್ಕೊಂಡೇ ಹೋಗ್ಲಿ ಅಂತ."

ಅತ್ತೆ ಹತ್ತಿರ ಬಂದರು. ಗ್ರೀಸ್ ಮೆತ್ತಿದ ಮಾವನ ಕೈ ಹಿಡಿದು, ಉಟ್ಟಿದ್ದ ಹೊಸ ಸೀರೆಯ ಸೆರಗಿನಿಂದ ಒಂದೊಂದೇ ಬೆರಳು ಒರೆಸತೊಡಗಿದರು.