ಏರಿನಲ್ಲಿ ಅಪ್ಪುಗೆ ಸಡಿಲಿಸಿದ ಕ್ಲಚ್ಚಿನವರಿಗೆ

ಎರಡು ಚಕ್ರ ನಂಬಿ ಮನೆಯಿಂದ ಹೊರಟ ಮಹನೀಯರೇ, ಅವರ ಬೆನ್ನು ನಂಬಿ ಹಿಂದೆ ಕೂತ ಮಹಿಳೆಯರೇ, ಈಚೆಗೆ ಏರಿನಲ್ಲಿ ನಮ್ಮ ಹಿಂದೆ ನಿಂತು ಹಾರ್ನ್ ಬಾರಿಸಿದ ತಾಳ್ಮೆಗೇಡಿಗಳೇ, ಈ ಪತ್ರ ನಿಮ್ಮೆಲ್ಲರ ಸಮಕ್ಷಮದಲ್ಲಿ ಬರೆದದ್ದು. ದಯವಿಟ್ಟು ಎಂಜಿನ್ ಆರಿಸಿ ಆಲಿಸಿ.

ಮಾನ್ಯ ಕ್ಲಚ್ಚಿನವರೇ,

ಎಂಜಿನ್ನಿನ ಪಕ್ಕದಲ್ಲೇ ಎಣ್ಣೆಯಲ್ಲಿ ಮುಳುಗಿ ಸುಖವಾಗಿರುವ ತಮ್ಮ ಸನ್ನಿಧಾನಕ್ಕೆ ಹನ್ನೊಂದು ವರ್ಷಗಳ ಸವಾರನ ವಂದನೆಗಳು. ತಮ್ಮ ಬಿಲ್ಲೆಗಳು ಒಂದನ್ನೊಂದು ಬಿಗಿಯಾಗಿ ಅಪ್ಪಿಕೊಂಡರಷ್ಟೇ ಎಂಜಿನ್ನಿನ ಬಲ ಚಕ್ರಕ್ಕೆ ತಲುಪುತ್ತದೆಂದು ಬಲ್ಲವರು ಹೇಳುತ್ತಾರೆ. ಆದರೆ ಕಳೆದ ತಿಂಗಳಿಂದ ತಾವು ಆ ಅಪ್ಪುಗೆಯನ್ನು ಬಿಟ್ಟು, ಮದುವೆ ಮನೆಯಲ್ಲಿ ಎದುರಾದ ದೂರದ ನೆಂಟರಂತೆ ಬರೀ ಮುಗುಳ್ನಗೆಯಲ್ಲೇ ಮುಗಿಸುತ್ತಿದ್ದೀರೆಂಬುದನ್ನು ವಿಷಾದದಿಂದ ಗಮನಕ್ಕೆ ತರುತ್ತಿದ್ದೇನೆ.

ನನ್ನ ಹೆಂಡತಿ ಊರವರ ಕಣ್ಣು ಪರೀಕ್ಷಿಸುವ ಕನ್ನಡಕದ ಅಂಗಡಿ ಏರಿನ ತುತ್ತತುದಿಯಲ್ಲಿದೆ. ಮೂರು ವಾರದ ಹಿಂದೆ ಒಂದು ಬೆಳಿಗ್ಗೆ ಆಕೆಯನ್ನು ಕೂರಿಸಿಕೊಂಡು ಅರ್ಧ ಏರಿದ್ದೆನಷ್ಟೆ. ಆಮೇಲೆ ಎಕ್ಸಲರೇಟರ್ ತಿರುವಿದಷ್ಟೂ ಎಂಜಿನ್ನಿಗೆ ಗುಡುಗು, ಗಾಡಿಗೆ ನಡುಗು, ಮುಂದಕ್ಕೆ ಮಾತ್ರ ಒಂದಡಿಯೂ ಇಲ್ಲ. "ನೀವು ನಿಧಾನಕ್ಕೆ ಬನ್ನಿ, ನಾನು ಮುಂದೆ ಹೋಗಿರ್ತೀನಿ" ಎಂದು ಆಕೆ ಇಳಿದು ನಡೆದಳು. ನಾನು ಗಾಡಿ ತಳ್ಳಿಕೊಂಡು ಮೇಲೆ ಮುಟ್ಟುವಷ್ಟರಲ್ಲಿ ಅಂಗಡಿಯ ಬಾಗಿಲು ತೆರೆದು, ಇಬ್ಬರ ಪರೀಕ್ಷೆ ಮುಗಿದು, ಮೂರನೆಯ ಅಜ್ಜನವರು ಕೊನೆಯ ಸಾಲಿನ ಅಕ್ಷರ ಓದುತ್ತಿದ್ದರು.

ತಮ್ಮ ಉಪಕಾರವನ್ನು ಮರೆತವನಲ್ಲ. ತಮ್ಮ ದಯೆಯಿಂದಲೇ ಆ ರಸ್ತೆಯ ಬಾಲ್ಕನಿಗಳನ್ನೂ ಅಲ್ಲಿ ಒಣಗುವ ಬಟ್ಟೆಗಳನ್ನೂ ಹೆಸರು ಹಿಡಿದು ಕರೆಯುವಷ್ಟು ಪರಿಚಯವಾಗಿದೆ. ಆದರೂ ಜಾರುವುದೇ ಆದರೆ ಇಳಿಜಾರಿನಲ್ಲಿ ಜಾರಬೇಕೆಂದೂ, ರಜೆ ಬೇಕಿದ್ದರೆ ಭಾನುವಾರಕ್ಕೆಂದು ಮೊದಲೇ ಅರ್ಜಿ ಸಲ್ಲಿಸಬೇಕೆಂದೂ, ಎರಡೂ ಆಗದಿದ್ದರೆ ಸಂಬಂಧಪಟ್ಟವರೊಂದಿಗೆ ಮಾತಾಡಿ ಗುಡ್ಡವನ್ನಾದರೂ ತುಸು ತಗ್ಗಿಸಿ ಕೊಡಬೇಕೆಂದೂ ಪ್ರಾರ್ಥನೆ.

ಇನ್ನು ಮುಖ್ಯ ದೂರು. ಹೆಂಡತಿ ಆಗಷ್ಟೇ ಗಾಡಿ ಕಲಿಯತೊಡಗಿದ್ದಳು. ಆ ಸಂಜೆ ನಾನು ಅತ್ತೆಯವರ ಎದುರಿಗೇ, "ಹೊಸಬರು ಕೈಯಾಡಿಸಿದ್ರೆ ಕ್ಲಚ್ ಇನ್ನೇನಾಗತ್ತೆ" ಎಂದು ತೀರ್ಪು ಕೊಟ್ಟೆ. ಅವಳು ಗಾಡಿಯ ಕೀಲಿಯನ್ನು ಗೋಡೆಯ ಮೊಳೆಗೆ ನೇತುಹಾಕಿದಳು. ಮೂರು ವಾರವಾಯಿತು, ಕೀಲಿಯನ್ನು ಮುಟ್ಟಿಲ್ಲ. ದಿನಾ ನಡೆದೇ ಹೋಗುತ್ತಾಳೆ.

ನಿನ್ನೆ ಮೆಕ್ಯಾನಿಕ್ ತಮ್ಮನ್ನು ಹೊರತೆಗೆದು ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಕೂರಿಸಿದ. ಕರಿದ ಹಪ್ಪಳದಂತಾಗಿದ್ದ ಬಿಲ್ಲೆಯೊಂದನ್ನು ಉಗುರಿನಿಂದ ಕೆರೆದು, "ಇದು ಒಂದೆರಡು ತಿಂಗಳ ಸವೆತ ಅಲ್ಲ ಸಾರ್. ಯಾರೋ ವರ್ಷಗಟ್ಟಲೆ ಕ್ಲಚ್ ಲಿವರ್ ಮೇಲೆ ಬೆರಳಿಟ್ಕೊಂಡೇ ಓಡಿಸಿದ್ದಾರೆ. ಯಾರದು?" ಎಂದು ಕೇಳಿದ.

"ಹಿಂದಿನ ಮಾಲೀಕ ಇರಬೇಕು" ಎಂದೆ.

ಗಾಡಿಗೆ ಹಿಂದಿನ ಮಾಲೀಕನಿಲ್ಲ. ಶೋರೂಮಿನಿಂದ ನೇರ ಮನೆಗೆ ತಂದವನು ನಾನೇ.

ಸಾಕು. ಆ ಬೆರಳುಗಳು ನನ್ನವು. ಬಿಟ್ಟರೆ ಗಾಡಿ ಎಲ್ಲಿ ನೆಗೆದುಬಿಡುತ್ತದೋ ಎಂಬ ಹೆದರಿಕೆಯಲ್ಲಿ ಹನ್ನೊಂದು ವರ್ಷ ಲಿವರನ್ನು ಅರೆಬರೆ ಹಿಡಿದೇ ಓಡಿಸಿ ತಮ್ಮನ್ನು ಸವೆಸಿದ್ದೇನೆ. ಅವಳು ಕಲಿಯುವಾಗ ಪೂರ್ತಿ ಹಿಡಿದು ಪೂರ್ತಿ ಬಿಡುತ್ತಿದ್ದಳು. ಇದನ್ನು ಅವಳಿಗೆ ಬಾಯಿಬಿಟ್ಟು ಹೇಳಲಾಗದೆ ತಮಗೆ ಬರೆದೆ.

ತಮ್ಮ ವಿಶ್ವಾಸಿ,
ನಾಲ್ಕು ಬೆರಳಿನ ಸವಾರ

ವಿ.ಸೂ.: ಈ ಪತ್ರವನ್ನು ಕೀಲಿ ಇರುವ ಮೊಳೆಗೇ ಸಿಕ್ಕಿಸಿದ್ದೇನೆ, ಕೀಲಿ ಬೇಕೆಂದವರು ಪತ್ರ ತೆಗೆಯಲೇಬೇಕು. ತಮಗೆ ಹೊಸ ಬಿಲ್ಲೆಗಳೂ ಬಂದಾಯಿತು; ಅವಳು ಒಪ್ಪಿದರೆ ನಾಳೆಯಿಂದ ಅವಳು ಮುಂದೆ, ನಾನು ಹಿಂದೆ. ಹಿಂಬದಿ ಸೀಟಿನ ಹಿಡಿಕೆಯವರು ತಮ್ಮ ನೆರೆಯವರಲ್ಲವೇ, ನನ್ನ ಬೆರಳುಗಳು ಅತ್ತ ಬರುತ್ತಿವೆಯೆಂದು ಅವರಿಗೊಂದು ಮಾತು ಹೇಳಿಡಿ.