ಮರೆಪ್ಪನವರ ಜವಾಬು

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ಮಲ್ಲಿಗೆ ಹಾರ. ಎರಡು ಸಾವಿರದ ಎಂಟರ ಮೇ ತಿಂಗಳಲ್ಲಿ, ಒಂದು ಬೆಳಿಗ್ಗೆ, ಅದು ಬಾಳೆ ಎಲೆಯಲ್ಲಿ ಬೆಚ್ಚಗೆ ಸುತ್ತಿಸಿಕೊಂಡು ಕಮಲಾಪುರದಿಂದ ಜೀಪಿನಲ್ಲಿ ಕೂತು ಬಂದು, ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಇಳಿಯಿತು. ಹಾರದ ಹಿಂದೆ ಗುರುಲಿಂಗಪ್ಪ ಸಾವ್ಕಾರರು ಇಳಿದರು.

ಆ ಹೊತ್ತಿನಲ್ಲಿ ಮುಕುಂದ ಸ್ವರ್ಗದಲ್ಲಿದ್ದ. ಸ್ವರ್ಗವೆಂದರೆ ಶಿಕ್ಷಣ ಸಂಸ್ಥೆಯ ಕಚೇರಿಯ ಹಿಂದಿನ ಕೋಣೆ. ಹೊರಗೆ ಬಿಸಿಲು ಡಾಂಬರನ್ನು ಪಾಕ ಹಿಡಿಸುತ್ತಿದ್ದರೆ, ಒಳಗೆ ಎರಡು ಏರ್ ಕಂಡೀಷನರ್‌ಗಳು ಹಗಲಿಗೇ ಬೆಳದಿಂಗಳು ಸುರಿಯುತ್ತಿದ್ದವು. ಕತ್ತಲೆಯಲ್ಲಿ ಹಸಿರು ದೀಪಗಳು ಮಿಣುಕುತ್ತಿದ್ದವು. ಯಂತ್ರದ ಗುಂಯ್‌ಗುಡುವ ಸದ್ದಿನಲ್ಲಿ ಮುಕುಂದನಿಗೆ ಒಮ್ಮೆ ಭೀಮಾ ನದಿ ಕೇಳಿಸುತ್ತಿತ್ತು, ಒಮ್ಮೆ ಚಿಕ್ಕಂದಿನಲ್ಲಿ ಅವನ ತಾಯಿ ಸಾವಿತ್ರೀಬಾಯಿ ಹೇಳುತ್ತಿದ್ದ ಮರಾಠಿ ಜೋಗುಳ ಕೇಳಿಸುತ್ತಿತ್ತು. ಶಾಲು ಹೊದ್ದು, ಕಣ್ಣು ಅರ್ಧ ಮುಚ್ಚಿ, ಅವನು ತನ್ನ ಸೃಷ್ಟಿಯನ್ನು ನೋಡುತ್ತ ಕೂತಿದ್ದ.

ಸೃಷ್ಟಿ ಅಂದರೆ ಸುಮ್ಮನೆಯಲ್ಲ. ಸಂಸ್ಥೆಗೆ ಜಿಲ್ಲೆಯಲ್ಲಿ ಆರು ಕಾಲೇಜು. ಆರಕ್ಕೂ ಒಂದೊಂದು ಸರ್ವರ್ ಯಂತ್ರ. ಒಂದು ಕೆಮ್ಮಿದರೆ ಇನ್ನೊಂದಕ್ಕೆ ಜ್ವರ. ಈ ಬೇಸಿಗೆಯಲ್ಲಿ ಮುಕುಂದ ಒಂದು ಹೊಸ ತಂತ್ರಾಂಶ ಹಾಕಿ, ಆರೂ ಯಂತ್ರಗಳ ಜೀವವನ್ನು ಹೀರಿ ಒಂದೇ ದೊಡ್ಡ ಯಂತ್ರದೊಳಗೆ ಇಳಿಸಿಬಿಟ್ಟಿದ್ದ. ಒಂದೇ ವಾಡೆಯಲ್ಲಿ ಆರು ಸಂಸಾರ. ಆದರೆ ಪ್ರತಿಯೊಂದಕ್ಕೂ ಇಡೀ ವಾಡೆ ತನ್ನದೇ ಎಂಬ ಭ್ರಮೆ. ಒಬ್ಬರ ಮನೆಯ ಒಗ್ಗರಣೆ ಇನ್ನೊಬ್ಬರ ಮೂಗಿಗೆ ಬಾರದು. ಕಾಲೇಜುಗಳವರು ತಮ್ಮ ಊರಲ್ಲೇ ಕೂತು ತಂತಿಯ ಮೂಲಕ ಇಲ್ಲಿಂದ ಕೆಲಸ ತೆಗೆದುಕೊಳ್ಳುತ್ತಿದ್ದರು. ಖಾಲಿಯಾದ ಹಳೆಯ ಡಬ್ಬಿಗಳು ಗುಜರಿ ಕರೀಂಸಾಬನ ಅಂಗಡಿ ಸೇರಿದ್ದವು. ಮುಂದಿನ ತಿಂಗಳ ಸಭೆಯಲ್ಲಿ ಈ ಸಾಧನೆ ನೋಡಿ ತನ್ನ ನೌಕರಿಯನ್ನು ಖಾಯಂ ಮಾಡುತ್ತಾರೆಂದು ಮುಕುಂದ ಕನಸು ಕಾಣುತ್ತಿದ್ದ. ಆರು ವರ್ಷದಿಂದ ಅವನದು ಗುತ್ತಿಗೆಯ ನೌಕರಿ.

ಬಾಗಿಲು ತೆರೆದು ಸೂಪರಿಂಟೆಂಡೆಂಟ್ ಜಯದೇವಿ ತಲೆ ತೂರಿಸಿದರು. ಕಚೇರಿಯಲ್ಲಿ ಅವರು ತಲೆ ತೂರಿಸದ ಬಾಗಿಲೇ ಇರಲಿಲ್ಲ.

"ಮುಕುಂದರಾವ್, ಕಮಲಾಪುರದ ಸಾವ್ಕಾರ್ರು ಬಂದಾರ್ರೀ. ಇವತ್ತ ಅವರ ಅಪ್ಪಾರ ಪುಣ್ಯತಿಥಿ ಅಂತ. ಅಲ್ಲಿ ಕಾಲೇಜಿಗೆ ಹೋದ್ರ, ಮಷೀನ್ ಕಲಬುರ್ಗಿಗೆ ಒಯ್ದಾರ ಅಂದ್ರಂತ. ಮಷೀನಿಗೆ ಹಾರ ಹಾಕ್ತಾರಂತ."

ಮುಕುಂದನ ಬೆಳದಿಂಗಳು ಫಕ್ಕನೆ ಆರಿತು. ಕಮಲಾಪುರ ಕಾಲೇಜಿನ ಯಂತ್ರವನ್ನು ದಾನ ಕೊಟ್ಟವರು ಗುರುಲಿಂಗಪ್ಪ, ಸಂಸ್ಥೆಯ ಉಪಾಧ್ಯಕ್ಷರು. ತಂದೆ ಲಿಂಗೈಕ್ಯ ಮರೆಪ್ಪನವರ ಸ್ಮರಣಾರ್ಥ ಎಂದು ಅದಕ್ಕೆ ಹಿತ್ತಾಳೆಯ ಪಟ್ಟಿ ಹೊಡೆಸಿದ್ದರು. ಅಷ್ಟಕ್ಕೇ ಬಿಡದೆ, ಯಂತ್ರದ ಒಳಗಿನ ಹೆಸರೂ ಮರೆಪ್ಪ ಎಂದೇ ಇರಬೇಕೆಂದು ಹಟ ಹಿಡಿದು ಇಡಿಸಿದ್ದರು. ಹೆಸರು ಮರೆಪ್ಪ, ಕೆಲಸ ನೆನಪಿಡುವುದು ಎಂದು ಆಗ ಮುಕುಂದ ಒಬ್ಬನೇ ನಕ್ಕಿದ್ದ. ಈಗ ನಗು ಬರಲಿಲ್ಲ. ಆ ಪಟ್ಟಿಯನ್ನು ಕಿತ್ತಿಡಬೇಕೆಂದು ಅವನು ಸ್ಕ್ರೂಡ್ರೈವರ್ ಹಿಡಿದದ್ದು ನಿಜ. ಅಷ್ಟರಲ್ಲಿ ತಣ್ಣನೆಯ ಗಾಳಿ ಬೀಸಿ, ಏನೋ ಯೋಚನೆ ಬಂದು, ಮರೆತೇಬಿಟ್ಟಿದ್ದ.

ಹಿಂಬಾಗಿಲಿಗೆ ಓಡಿ ಕರೀಂಸಾಬನಿಗೆ ಫೋನು ಹಚ್ಚಿದ.

"ಹಿತ್ತಾಳಿ ಪಟ್ಟಿ ಇದ್ದ ಡಬ್ಬಿ ಅದ ಏನ್ರಿ, ಕರೀಂಸಾಬ್?"

"ಅರೇ ಮುಕುಂದಭಾಯ್, ಅದು ಹೋಗಿ ಭಾಳ ದಿನಾ ಆತು. ಕೋಟನೂರದಾಗ ಕೋಳಿ ಸಾಕವ್ರು ಒಯ್ದಾರ. ಹವಾ ಆಡಾಕ ತೂತು ಭಾಳ ಅದಾವ ಅಂತ ಖುಷ್ ಆದ್ರು ನೋಡ್ರಿ."

ಮರೆಪ್ಪನವರ ಪವಿತ್ರ ಪಟ್ಟಿಯ ಹಿಂದೆ ಕೋಳಿ ಮೊಟ್ಟೆ ಇಡುವ ದೃಶ್ಯ ಮುಕುಂದನ ಕಣ್ಣ ಮುಂದೆ ನಿಧಾನವಾಗಿ ತೇಲಿಹೋಯಿತು. ಏನಾದರೂ ಸುಳ್ಳು ಹೊಂದಿಸೋಣವೆಂದು ಒಳಗೆ ಬಂದರೆ, ಜಯದೇವಿ ಆಗಲೇ ಸತ್ಯ ಬಡಿಸಿಯಾಗಿತ್ತು.

"ಹಳೇವೆಲ್ಲ ಗುಜರಿಗೆ ಹೋದವಲ್ರೀ ಸಾವ್ಕಾರ್ರೇ! ನಾನ ನಿಂತು ಟಂಟಂ ಗಾಡಿಗೆ ಹೇರಿಸೀನಿ."

ಗುರುಲಿಂಗಪ್ಪ ಹಾರ ಹಿಡಿದುಕೊಂಡೇ ಕುರ್ಚಿಯ ಮೇಲೆ ಕುಸಿದರು. ಆರಡಿ ಎತ್ತರದ ಆಳು ತೊಗರಿ ಖಾಲಿಯಾದ ಚೀಲದಂತೆ ಮಡಚಿಕೊಂಡರು. "ನಮ್ಮಪ್ಪನ್ನ ಗುಜರಿಗೆ ಹಾಕಿದ್ರ್ಯಾ, ಮುಕುಂದರಾವ್?"

"ಇಲ್ರೀ ಸಾವ್ಕಾರ್ರೇ! ಹೋಗಿದ್ದು ಬರೇ ಡಬ್ಬಿ. ಮರೆಪ್ಪನವ್ರು ಇಲ್ಲೇ ಅದಾರ್ರೀ. ಇದರಾಗ."

"ಇದರಾಗ?" ಸಾವ್ಕಾರರು ಕಪ್ಪು ಯಂತ್ರವನ್ನು ಸಂಶಯದಿಂದ ನೋಡಿದರು. "ಒಬ್ಬರ ಅದಾರೇನು?"

"ಆರು ಮಂದಿ ಅದಾರ್ರೀ. ಸೇಡಂದವ್ರು, ಚಿಂಚೋಳಿಯವ್ರು, ಆಳಂದದವ್ರು..."

"ಆಳಂದದವ್ರ!" ಗುರುಲಿಂಗಪ್ಪ ಎದ್ದು ನಿಂತರು. "ಆಳಂದದ ಮಂದಿ ಜೋಡಿ ನಮ್ಮಪ್ಪ ಸಾಯೋತನ ಮಾತಾಡಲಿಲ್ಲ. ಎತ್ತಿನ ವ್ಯವಹಾರದಾಗ ಮೋಸ ಮಾಡಿದ್ರು ಅವ್ರು."

"ಈಗೂ ಮಾತಾಡಂಗಿಲ್ರೀ. ಬಾಜೂಕ ಇನ್ನೊಬ್ಬರು ಅದಾರ ಅಂತ ಇಬ್ಬರಿಗೂ ಗೊತ್ತಿಲ್ಲ. ಹಂಗ ಗ್ವಾಡಿ ಕಟ್ಟೀನಿ."

ಸಾವ್ಕಾರರು ಸ್ವಲ್ಪ ತಣ್ಣಗಾದರು. ಆದರೆ ಹಾರವನ್ನು ಹಾಕಲಿಲ್ಲ. ಆರು ಮಂದಿಗೆ ಒಂದು ಹಾರ ಹಾಕಿದರೆ ಯಾರಿಗೆ ಮುಟ್ಟುತ್ತದೋ ಎಂಬ ಚಿಂತೆ ಅವರದು.

"ನನಗ ತಿಳದ್ರ ಮುಗೀಲಿಲ್ರೀ. ನಮ್ಮವ್ವ ಅಲ್ಲಿ ಕಮಲಾಪುರ ಕಾಲೇಜಿನಾಗ ಉಪಾಸ ಕುಂತಾಳ. ಪ್ರತಿ ವರ್ಷಾ ಮಷೀನಿಗೆ ಕೈಮುಗದಾ ಬಾಯಾಗ ನೀರು ಹಾಕ್ಕೊಳ್ಳಾಕಿ. ನೀವ ಬಂದು ಆಕಿಗೆ ಹೇಳ್ರಿ. ಆಕಿ ಒಪ್ಪಿದ್ರ ನಾನೂ ಒಪ್ಪೀನಿ. ಒಪ್ಪಲಿಲ್ಲ ಅಂದ್ರ..." ಅವರು ಮಾತು ಅಲ್ಲಿಗೇ ಬಿಟ್ಟು, ಹಾರವನ್ನು ಜಯದೇವಿಯ ಕೈಗಿತ್ತು, ಮುಕುಂದನನ್ನು ಜೀಪು ಹತ್ತಿಸಿದರು.

ಹುಮನಾಬಾದ್ ರಸ್ತೆಯ ಮೇಲೆ ಬಿಸಿಲು ಕುದಿಯುತ್ತಿತ್ತು. ದೂರದಲ್ಲಿ ರಸ್ತೆಯೇ ಕೆರೆಯಾಗಿ ಹೊಳೆದು, ಹತ್ತಿರ ಹೋದಂತೆ ಹಿಂದೆ ಸರಿಯುತ್ತಿತ್ತು. ಶಾಲು ಇನ್ನೂ ಹೆಗಲ ಮೇಲೇ ಇದ್ದ ಮುಕುಂದನಿಗೆ ಅರೆನಿದ್ದೆ ಕವಿಯಿತು. ಆ ಕೆರೆಯ ಮೇಲೆ ಆರು ಮುದುಕರು ರುಮಾಲು ಸುತ್ತಿ, ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ಕೂತಂತೆ ಕಂಡಿತು. ಅವರಲ್ಲಿ ಒಬ್ಬ ಹೊರಳಿ ನೋಡಿ, "ತಮ್ಮಾ, ಥಂಡಿ ಭಾಳ ಆಗ್ಯದ, ಆ ಶಾಲು ಇತ್ಲಾಗ ಕೊಡು" ಅಂದ. ಮುಕುಂದ ಕೊಡಲು ಕೈ ಚಾಚಿದ. ಜೀಪು ಗುಂಡಿಗೆ ಬಿತ್ತು, ಮುದುಕರು ಮಾಯವಾದರು, ಕಮಲಾಪುರ ಬಂತು.

ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ, ಮೊದಲು ಯಂತ್ರವಿದ್ದ ಖಾಲಿ ಜಾಗದ ಎದುರು, ಚಂದಮ್ಮ ಕೂತಿದ್ದರು. ಮಗನ ಅರ್ಧದಷ್ಟಿದ್ದ ಮುದುಕಿ. ಇಳಕಲ್ ಸೀರೆಯೇ ಆಕೆಯನ್ನು ಉಟ್ಟುಕೊಂಡಂತಿತ್ತು. ಬಾಗಿಲಲ್ಲಿ ಮೇಷ್ಟ್ರುಗಳು, ಜವಾನರು, ಗುಡಿಗೆ ಹೊರಟಿದ್ದ ಪಕ್ಕದ ಮನೆಯ ಹೆಂಗಸರು, ಎಲ್ಲ ಜಮಾಯಿಸಿದ್ದರು.

ಮುಕುಂದ ಕೈ ಮುಗಿದು ಡಬ್ಬಿಯ ಕತೆ, ಜೀವದ ಕತೆ, ವಾಡೆಯ ಕತೆ ಎಲ್ಲ ಹೇಳಿದ. ಚಂದಮ್ಮ ರೆಪ್ಪೆ ಬಡಿಯದೆ ಕೇಳಿದರು.

"ಅಂದ್ರ ಹಳೇ ಮನಿ ಬಿಟ್ಟು ಹೊಸಾ ಮನಿಗೆ ಹೋಗ್ಯಾರ ಅಂತೀ."

"ಹೌದ್ರೀ ಅವ್ವಾರ, ಖರೇ ಹಂಗ!"

"ಕರೆದ್ರ ಓ ಅಂತಾರೇನು?"

ಮುಕುಂದನ ಮುಖ ಅರಳಿತು. ದೂರದ ಯಂತ್ರ ಜೀವಂತ ಇದೆಯೋ ಇಲ್ಲವೋ ಎಂದು ಕೂಗಿ ಕೇಳುವ ಸಣ್ಣ ಉಪಾಯವೊಂದು ಪ್ರತಿ ಕಂಪ್ಯೂಟರಿನಲ್ಲೂ ಇರುತ್ತದೆ. ಅವನ ಕಸುಬಿನವರು ಅದಕ್ಕೆ ಪಿಂಗ್ ಎನ್ನುತ್ತಾರೆ. ಮೂಲೆಯ ಕಂಪ್ಯೂಟರಿನ ಮುಂದೆ ಕೂತು ಪಿಂಗ್ ಎಂದು ಒತ್ತಿ, ಮುಂದೆ ಮರೆಪ್ಪ ಎಂದು ಬರೆದು, ಗುಂಡಿ ಒತ್ತಿದ. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಒಂದರ ಕೆಳಗೊಂದು ಹುಟ್ಟತೊಡಗಿದವು.

"ನೋಡ್ರೀ ಅವ್ವಾರ! ರಿಪ್ಲೈ ಅಂದ್ರ ಜವಾಬು. ನಾ ಮರೆಪ್ಪ ಅಂದೆ, ಅವ್ರು ಓ ಅಂದ್ರು. ಮತ್ತ ಅಂದೆ, ಮತ್ತ ಓ ಅಂದ್ರು. ಕಲಬುರ್ಗಿಯಿಂದ, ಕಣ್ಣ ಮುಚ್ಚಿ ತೆರೆಯೂದ್ರಾಗ!"

ಬಾಗಿಲಲ್ಲಿದ್ದ ಹೆಂಗಸರು ಸೆರಗು ಸರಿಮಾಡಿಕೊಂಡರು. ಗುರುಲಿಂಗಪ್ಪ "ಅಪ್ಪಾ" ಎಂದು ಟೊಪ್ಪಿಗೆ ತೆಗೆದು ಕಣ್ಣೊರೆಸಿಕೊಂಡರು. ಖಾಯಂ ನೌಕರಿ ಬಿಳಿ ಕೊಕ್ಕರೆಯಂತೆ ಹಾರಿ ಬಂದು ತನ್ನ ಹೆಗಲ ಮೇಲೆ ಕೂತದ್ದು ಮುಕುಂದನಿಗೆ ಅನುಭವಕ್ಕೆ ಬಂತು.

ಚಂದಮ್ಮ ಮಾತ್ರ ಹುಬ್ಬು ಗಂಟಿಕ್ಕಿದರು. ಸಾಲುಗಳು ಪಟಪಟನೆ ಏರುತ್ತಲೇ ಇದ್ದವು. ಸ್ವಲ್ಪ ಹೊತ್ತು ನೋಡಿ, "ಇವರು ಅಲ್ಲ" ಅಂದರು.

"ಯಾಕವ್ವ?" ಎಂದರು ಗುರುಲಿಂಗಪ್ಪ.

"ನಿಮ್ಮಪ್ಪನ ಜೋಡಿ ಜಲ್ಮಾ ಕಳದೀನಿ. ಕರೆದಾಗೊಮ್ಮೆ ಓ ಅಂದ ಮನಷ್ಯಾ ಅಲ್ಲ ಅವರು. ಹತ್ತು ಸಲ ಕರೆದ್ರ ಒಮ್ಮಿ ಹ್ಞೂಂ ಅಂದ್ರ ಅವತ್ತ ಹಬ್ಬ. ಇದು ನೋಡು, ಒದರಾಕತ್ತದ, ಒದರಾಕತ್ತದ!" ಮುದುಕಿ ಬೆರಳೆತ್ತಿ ಪರದೆಯನ್ನು ತೋರಿಸಿದರು. "ಇಂವ ಯಾವನೋ ಆಳಂದದವ ಇರಬೇಕು."

ಗುರುಲಿಂಗಪ್ಪನವರ ಕಣ್ಣೀರು ಅರ್ಧ ದಾರಿಯಲ್ಲೇ ಇಂಗಿತು. ಟೊಪ್ಪಿಗೆ ಮತ್ತೆ ತಲೆಯೇರಿತು. "ಮುಕುಂದರಾವ್, ಖರೇ ಹೇಳ್ರಿ. ನಮ್ಮಪ್ಪ ಎಲ್ಲಿ?"

"ಇವರ ರೀ, ದೇವರಾಣಿ..." ಮುಕುಂದ ಪರದೆಯತ್ತ ಕೈ ತೋರಿಸಿದ. ಕೊಕ್ಕರೆ ಹಾರಿ ಹೋಯಿತು. ತಾನು ಇಡೀ ಬೇಸಿಗೆ ಕಟ್ಟಿದ ವಾಡೆ, ಒಬ್ಬ ಸತ್ತ ಮನುಷ್ಯನಿಗೆ ಮಾತು ಕಡಿಮೆ ಇತ್ತು ಎಂಬ ಕಾರಣಕ್ಕೆ ಕುಸಿಯುತ್ತಿದೆಯಲ್ಲ ಎಂದು ಅವನಿಗೆ ಅಳು ಬಂತು.

ಅಷ್ಟರಲ್ಲಿ ಪರದೆಯ ಮೇಲಿನ ಸಾಲುಗಳು ನಿಂತವು.

ಸ್ವಲ್ಪ ಹೊತ್ತಿನ ಮೇಲೆ ಬೇರೆಯೇ ಒಂದು ಸಾಲು ಬಂತು. ನಂತರ ಅಂಥದೇ ಇನ್ನೊಂದು. ಮುಕುಂದನಿಗೆ ತಿಳಿಯಿತು: ಕಲಬುರಗಿಯಲ್ಲಿ ಏನೋ ಆಗಿದೆ.

"ಏನಂತದ?" ಚಂದಮ್ಮ ಕೇಳಿದರು.

ಇಷ್ಟಾದ ಮೇಲೆ ಸುಳ್ಳು ಹೇಳುವ ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ. "ಜವಾಬು... ಬರವಲ್ದರೀ ಅವ್ವಾರ."

"ಮತ್ತೊಮ್ಮಿ ಕರಿ."

ಕರೆದ. ಇಲ್ಲ.

"ಜೋರಾಗಿ ಕರಿ."

ಗುಂಡಿಯನ್ನು ಜೋರಾಗಿ ಒತ್ತಿದ. ಇಲ್ಲ. ಚಂದಮ್ಮ ಕುರ್ಚಿಯಿಂದ ಎದ್ದು, ಮೊಣಕಾಲು ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಟ್ಟು, ಪರದೆಯ ಹತ್ತಿರ ಬಂದು ಬಗ್ಗಿದರು. ನೋಡುತ್ತ ನೋಡುತ್ತ ಅವರ ಮುಖದ ಗೆರೆಗಳೆಲ್ಲ ಒಂದೊಂದಾಗಿ ಸಡಿಲವಾದವು. ಹಲ್ಲಿಲ್ಲದ ಬಾಯಿ ತುಂಬ ನಗು ಅರಳಿತು.

"ಇವರ ನೋಡು! ಖರೇ ಇವರ!" ಎಂದರು. "ಹೊಲದಿಂದ ಬಂದು ಕಟ್ಟಿ ಮ್ಯಾಲೆ ಹಿಂಗ ಕುಂಡರತಿದ್ರು. ಉಣ್ಣಾಕ ಏಳ್ರಿ ಅಂದ್ರ ಹಿಂಗ ಸುಮ್ಮ. ಬಾಳಿ ತ್ವಾಟಕ್ಕ ಹಂದಿ ಹೊಕ್ಕಾವ್ರಿ ಅಂದ್ರೂ ಹಿಂಗ."

ಆಮೇಲೆ ಆಕೆ ಅಲ್ಲೇ ನಿಂತು ಗಂಡನೊಡನೆ ಮಾತಾಡತೊಡಗಿದರು. ಮೊಮ್ಮಗಳಿಗೆ ಗಂಡು ನೋಡಿದ್ದು, ಈ ಸಲ ಕೆಂಪು ಬಾಳೆ ಚೆನ್ನಾಗಿ ಗೊನೆ ಬಿಟ್ಟದ್ದು, ಕರಿ ಎಮ್ಮೆ ಈದದ್ದು. ಪ್ರತಿ ಮಾತಿಗೂ ಪರದೆಯ ಮೇಲೆ ಮೌನದ ಒಂದು ಸಾಲು ಮೂಡುತ್ತಿತ್ತು. ಅದನ್ನು ನೋಡಿ ಆಕೆ ತಲೆದೂಗಿ ಮುಂದಿನ ಸುದ್ದಿಗೆ ಹೋಗುತ್ತಿದ್ದರು. ಕಿಟಕಿಯ ಬಿಸಿಲು ನೆಲದ ಮೇಲೆ ಮೆಲ್ಲನೆ ಜರುಗಿತು. ಮುಕುಂದನೂ ತನ್ನ ಕಷ್ಟ ಮರೆತು, ಎಲ್ಲೋ ಒಂದು ಕಟ್ಟೆಯ ಮೇಲೆ ಕೂತ ಮನುಷ್ಯನ ಬೆನ್ನನ್ನೇ ನೋಡುತ್ತಿರುವಂತೆ ಕೂತುಬಿಟ್ಟ.

ಜೇಬಿನ ಫೋನು ಬಡಿದುಕೊಂಡಿತು. ಜಯದೇವಿ.

"ಮುಕುಂದರಾವ್, ಸಾವ್ಕಾರ್ರ ಹಾರ ಬಾಡಬಾರದು ಅಂತ ನಾನ ಮಷೀನಿಗೆ ಹಾಕೀನ್ರೀ. ಭಾಳ ಚಂದ ಕಾಣಸ್ತದ. ಒಂದ ಹಳದಿ ವಾಯರ್ ಅಡ್ಡ ಬರಾಕತ್ತಿತ್ತು, ಕಿತ್ತಿಟ್ಟೀನಿ. ಆದ್ರ ಆರೂ ಊರಿಂದ ಯಾಕೋ ಫೋನ್ ಬರಾಕತ್ತಾವ ನೋಡ್ರಿ."

"ಆ ವಾಯರ್ ಲಗೂನ ಹಚ್ಚ್ರೀ ಮೇಡಂ!" ಮುಕುಂದ ಪಿಸುಗುಟ್ಟಿದ. ಪಿಸುಮಾತು ಕೇಳುವುದರಲ್ಲಿ ಚಂದಮ್ಮನ ಕಿವಿ ಇನ್ನೂ ಹದಿನಾರರದು.

"ಹಚ್ಚಬ್ಯಾಡ! ಮತ್ತ ಆ ಆಳಂದದವ ಒದರಾಕ ಹತ್ತತಾನ. ಇವ್ರು ಆರಾಮ ಕುಂತಾರ, ಕುಂಡರಲಿ. ಇನ್ನ ಯಾರೂ ಅವರನ್ನ ಕರೀಬಾರದು."

"ಆತವ್ವ," ಎಂದರು ಗುರುಲಿಂಗಪ್ಪ. "ಮುಕುಂದರಾವ್, ಉಳದ ಐದು ಮಂದೀದು ಹಚ್ಚಿಕೊಳ್ರಿ. ನಮ್ಮಪ್ಪನ ತಂತಿ ಮುಟ್ಟಬ್ಯಾಡ್ರಿ. ನಿಮ್ಮ ನೌಕರಿ ಇವತ್ತಿನಿಂದ ಖಾಯಂ. ಸಭಾದಾಗ ನಾ ಹೇಳ್ತೀನಿ."

ಖಾಯಂ! ಮುಕುಂದನ ಕಿವಿಯಲ್ಲಿ ಶಹನಾಯಿ ನುಡಿಯಿತು. ಅದು ನಿಂತ ಮೇಲೆ ಬುದ್ಧಿ ಬಂತು. ಆರಕ್ಕೂ ಇದ್ದದ್ದು ಅದೊಂದೇ ಹಳದಿ ವಾಯರ್, ಆದರೂ ಯಂತ್ರದ ಒಳಗಿನಿಂದ ಮರೆಪ್ಪನವರೊಬ್ಬರ ದಾರಿ ಮುಚ್ಚಿಡುವುದು ಅವನಿಗೆ ಕಷ್ಟವಿರಲಿಲ್ಲ; ಕಷ್ಟ ಬೇರೆಯಿತ್ತು. "ಸಾವ್ಕಾರ್ರೇ, ಈ ಕಾಲೇಜಿನ ಹಾಜರಿ, ಪರೀಕ್ಷಾ, ಎಲ್ಲಾ ಮರೆಪ್ಪನವರ ಕಡೀನ ಅದ. ತಂತಿ ಇಲ್ಲಂದ್ರ ಅದು ಇಲ್ಲಿಗೆ ಹೆಂಗ ಬರಬೇಕ್ರೀ?"

ಗುರುಲಿಂಗಪ್ಪ ಗಲ್ಲ ಕೆರೆದುಕೊಂಡರು. ಚಂದಮ್ಮನೇ ದಾರಿ ತೋರಿಸಿದರು. "ಈ ತಮ್ಮಾ ಅದಾನಲ್ಲ. ಅಲ್ಲಿಂದ ತರಲಿ, ಇಲ್ಲಿಂದ ಒಯ್ಯಲಿ. ಖಾಯಂ ಅಂದ್ಮ್ಯಾಲೆ ಕೆಲಸಾ ಬ್ಯಾಡೇನು?"

ಈಗ ಮುಕುಂದ ಬೆಳಗಾದರೆ ಹುಮನಾಬಾದ್ ಬಸ್ಸು ಹತ್ತುತ್ತಾನೆ. ಕೈಚೀಲದಲ್ಲಿ ಕಾಲೇಜಿನ ಹಾಜರಿ, ಪರೀಕ್ಷೆಯೆಲ್ಲ ತುಂಬಿಕೊಂಡ, ಟವೆಲು ಸುತ್ತಿದ ಒಂದು ಹಾರ್ಡ್ ಡಿಸ್ಕು, ಸಾವಿತ್ರೀಬಾಯಿ ಕಟ್ಟಿಕೊಟ್ಟ ಜೋಳದ ಭಕ್ಕರಿ. ತಣ್ಣನೆಯ ಕೋಣೆಯಲ್ಲಿ ಜಯದೇವಿ ಮಧ್ಯಾಹ್ನದ ನಿದ್ದೆ ತೆಗೆಯುತ್ತಾರೆ. ಬಸ್ಸಿನ ಕಿಟಕಿಯಿಂದ ಬೆಂಕಿಗಾಳಿ ಮುಖಕ್ಕೆ ರಾಚುತ್ತದೆ. ರಸ್ತೆಯ ಮೇಲಿನ ಕೆರೆ ಹಿಂದೆ ಹಿಂದೆ ಸರಿಯುತ್ತದೆ.

ಕಮಲಾಪುರದ ಬಸ್ ಸ್ಟ್ಯಾಂಡಿನ ಬೇವಿನ ನೆರಳಲ್ಲಿ ಚಂದಮ್ಮ ಕಾಯುತ್ತಿರುತ್ತಾರೆ. ಅವನು ಇಳಿದದ್ದೇ, ಸುತ್ತಮುತ್ತ ನೋಡಿ, ಮೆಲ್ಲಗೆ ಕೇಳುತ್ತಾರೆ: "ಏನಂದ್ರು?"

"ಏನೂ ಅನ್ನಲಿಲ್ರೀ ಅವ್ವಾರ."

"ಹಂಗಾರ ಆರಾಮ ಅದಾರ." ಮುದುಕಿ ಸೆರಗಿನಿಂದ ಒಂದು ಕೆಂಪು ಬಾಳೆಹಣ್ಣು ತೆಗೆದು ಅವನ ಕೈಗಿಡುತ್ತಾರೆ. "ನಾಳಿ ಬರೂ ಮುಂದ ಮತ್ತೊಮ್ಮಿ ಕೇಳಿಕೊಂಡ ಬಾ, ತಮ್ಮಾ."