ಗೇಣಗಲದ ಖಾಲಿ ಜಾಗ

ಅರ್ಧಂಬರ್ಧ ಕೆಲಸ ಕಂಡರೆ ಗುಮಾಸ್ತನಿಗೆ ಮೈಮೇಲೆ ಇರುವೆ ಬಿಟ್ಟಂತಾಗುತ್ತಿತ್ತು. ಕಚೇರಿಯಲ್ಲಿ ಅವನನ್ನು ‘ಸ್ಕೇಲಣ್ಣ’ ಎನ್ನುತ್ತಿದ್ದುದೂ ಅದಕ್ಕೇ. ಅಂಥವನ ಕಣ್ಣಿಗೆ ಕಚೇರಿಗೆ ಸೇರಿದ ಬಸ್ ನಿಲ್ದಾಣದ ಗೋಡೆಯ ಮೇಲೆ ಗೇಣಗಲದ ಒಂದು ಖಾಲಿ ಜಾಗ ಬಿತ್ತು.

ಗೋಡೆಗೆ ಚಿತ್ರ ಬರೆಯುತ್ತಿದ್ದವರು ಗುಡ್ಡದ ಮೂಲನಿವಾಸಿ ಹೆಂಗಸರು. ಅವರ ಹಿರಿಯಜ್ಜಿ ಹೇಳಿದಂತೆ ಕೆಲಸ. ಕಚೇರಿಯವರದು ಜೊತೆಗೆ ಕೈಜೋಡಿಸುವುದಷ್ಟೇ. ಆ ಕೈ ಸ್ಕೇಲಣ್ಣನದು. ಸಾಹೇಬರು ಬೆಳಿಗ್ಗೆಯೇ ಗುಡುಗಿದ್ದರು: “ನಾಲ್ಕಕ್ಕೆ ಬರ್ತೀನಿ. ಒಂದಿಂಚು ಬಾಕಿ ಇದ್ರೂ ನಾಳೆಯಿಂದ ನೀವು ನೆಲಮಾಳಿಗೆಗೆ, ಹಳೇ ಕಡತ ನೋಡ್ಕೊಳ್ಳೋಕೆ!” ಅಲ್ಲಿಗೆ ಇಳಿದವರು ಮೇಲೆ ಬರುತ್ತಿದ್ದುದು ನಿವೃತ್ತಿಯ ದಿನ ಮಾತ್ರ.

ಮೂರು ಗಂಟೆ. ಹೆಂಗಸರು ಊಟಕ್ಕೆ ಹೋಗಿದ್ದರು. ಗೋಡೆಯುದ್ದಕ್ಕೂ ಮೀನು ತುಂಬಿದ ಹೊಳೆ. ಕೊನೆಯಲ್ಲಿ ಮಾತ್ರ ದಡದ ಗೆರೆ ತುಂಡಾಗಿತ್ತು. ಅಜ್ಜಿ ಮರೆತಿರಬೇಕು! ಸ್ಕೇಲಣ್ಣ ಏಳು ಸಲ ಶತಪಥ ಹಾಕಿದ, ಒಂಬತ್ತು ಸಲ ಗಡಿಯಾರ ನೋಡಿದ. ಕೊನೆಗೆ ತಡೆಯಲಾರದೆ, ಅಲ್ಲೇ ಇದ್ದ ಕುಂಚ ಅದ್ದಿ ಗೆರೆ ಕೂಡಿಸಿಬಿಟ್ಟ. ಅಷ್ಟು ನೆಟ್ಟಗಿನ ದಡ ಯಾವ ಹೊಳೆಗೂ ಇರಲಿಕ್ಕಿಲ್ಲ.

“ಅಯ್ಯೋ, ಏನ್ರೀ ಮಾಡಿದ್ರಿ!” ಹಿಂದೆ ಕಚೇರಿಯ ಟೈಪಿಸ್ಟಮ್ಮ ನಿಂತಿದ್ದಳು. “ಅದು ಅವರ ಹಿರಿಯರು ಬಂದು ಹೋಗೋ ಬಾಗಿಲು. ಮುಚ್ಚಿಬಿಟ್ರಲ್ಲ!”

“ನಿಮಗೆ ಹೇಗೆ ಗೊತ್ತು?”

“ಇಂಥದ್ದೆಲ್ಲ ಹೀಗೇ ಇರುತ್ತೆ ಕಣ್ರೀ.”

ಸ್ಕೇಲಣ್ಣ ಗಡಬಡಿಸಿ ಜೇಬಿಗೆ ಕೈಹಾಕಿದ. ಕರವಸ್ತ್ರದಿಂದ ಗೆರೆ ಒರೆಸಿದ, ಮಣ್ಣಿನ ಬಣ್ಣ ಇನ್ನಷ್ಟು ಹರಡಿತು. ಚಹಾದಂಗಡಿಯವನು “ನೀರು ಹಾಕಿ ಸ್ವಾಮಿ” ಎಂದು ಒಂದು ಬಕೆಟ್ ನೀರು ಎರಚಿದ. ಮೂರು ಮೀನು ಕೊಚ್ಚಿಹೋದವು, ಬಣ್ಣದ ಬಟ್ಟಲೂ ಮಗುಚಿತು. ಕಾವಲುಗಾರ ಪೊರಕೆ ತಂದು ಉಜ್ಜಿದ. ಗೇಣು ಮೊಳವಾಯಿತು, ಮೊಳ ಮಾರಾಯಿತು.

“ಇನ್ನು ಹಿರಿಯರು ಲಾರಿಯಲ್ಲೇ ಬರಬಹುದು” ಎಂದ ಚಹಾದಂಗಡಿಯವನು.

ನಾಲ್ಕಕ್ಕೆ ಸಾಹೇಬರೂ ಅಜ್ಜಿಯೂ ಒಟ್ಟಿಗೇ ಬಂದರು. ಸ್ಕೇಲಣ್ಣ ಕೈಮುಗಿದ. “ಅಜ್ಜೀ, ತಪ್ಪಾಯ್ತು! ನಿಮ್ಮ ಹಿರಿಯರ ಬಾಗಿಲು ಗೊತ್ತಿಲ್ದೆ ಮುಚ್ಚಿದ್ದೆ. ಮತ್ತೆ ತೆಗೆದಿದ್ದೀನಿ.”

“ಯಾವ ಬಾಗಿಲು ಮಗಾ?” ಅಜ್ಜಿ ಕಣ್ಣು ಕಿರಿದು ಮಾಡಿದಳು. “ಕೊನೇ ಗೆರೆ ನಾವು ಎಳೆಯೋದಿಲ್ಲ. ಗೋಡೆ ಯಾರದೋ ಅವರೇ ಎಳೀಬೇಕು, ಆಗ್ಲೇ ಚಿತ್ರ ಇಬ್ಬರದೂ ಆಗೋದು. ಅದಕ್ಕೇ ಕುಂಚ ನಿನ್ನೆದುರಿಗೆ ಇಟ್ಟು ಹೋಗಿದ್ದೆ. ಎಳೆದಿದ್ಯಲ್ಲ, ಯಾಕಪ್ಪಾ ಅಳಿಸಿದೆ?”

ಸಾಹೇಬರು ಗೋಡೆ ನೋಡಿದರು, ಗಡಿಯಾರ ನೋಡಿದರು. “ಅಂದ್ರೆ ಬಾಕಿ ಇರೋದು ನಮ್ಮ ಕಚೇರಿ ಪಾಲು ಮಾತ್ರ” ಎಂದು, ಜೇಬಿನಿಂದ ನೆಲಮಾಳಿಗೆಯ ಬೀಗದ ಕೈ ತೆಗೆದು ಅವನ ಅಂಗೈಗೆ ಹಾಕಿದರು.

ಸ್ಕೇಲಣ್ಣ ಟೈಪಿಸ್ಟಮ್ಮನತ್ತ ತಿರುಗಿ ದುರುಗುಟ್ಟಿದ.

“ನನ್ನೇನ್ರೀ ನೋಡ್ತೀರಿ?” ಎಂದಳು ಅವಳು. “ಒರೆಸಿ ಅಂತ ನಾನೇನಾದ್ರೂ ಹೇಳಿದ್ನಾ?”